ವೈಫೈ ಕಾರ್ಡ್ ಬದಲಿಸಿದರೆ ಹಳೆ ಲ್ಯಾಪ್‌ಟಾಪ್‌ಗೆ ‘5ಜಿ ವೇಗ’ ಬರುತ್ತದೆಯೇ?

“ಹಳೆ ಲ್ಯಾಪ್‌ಟಾಪ್ ಬಿಸಾಡಬೇಡಿ! ಒಳಗಿನ ಈ ಚಿಕ್ಕ ಕಾರ್ಡ್ ಬದಲಿಸಿದರೆ ಸಾಕು, 5ಜಿ ವೇಗ ಬರುತ್ತದೆ. ಯಾವ ಲ್ಯಾಪ್‌ಟಾಪ್‌ಗೂ ಆಗುತ್ತದೆ. ಎಲ್ಲರಿಗೂ ತಿಳಿಸಿ.”

ಒಂದು ಸಣ್ಣ ವಿಡಿಯೋ ಜೊತೆ ಈ ಸಾಲುಗಳು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಬಂದವು. ಕಳಿಸಿದವರು ಸಾಗರದ ಚಿಕ್ಕಪ್ಪ. ಅವರ ಮಗಳು ಬಿ.ಕಾಂ. ಕೊನೆಯ ವರ್ಷ. ಅವಳ ಹತ್ತಿರ ಇರುವುದು 2013ರ ಸುಮಾರಿನ, ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪ್. ಆನ್‌ಲೈನ್ ತರಗತಿಯಲ್ಲಿ ಮೇಷ್ಟ್ರ ಮುಖ ನಿಂತುಬಿಡುತ್ತದೆ, ಮಾತು ಮಾತ್ರ ತುಂಡುತುಂಡಾಗಿ ಬರುತ್ತದೆ. ಚಿಕ್ಕಪ್ಪ ಸೊಸೈಟಿಯಲ್ಲಿ ಸಾಲ ತೆಗೆದು ಹೊಸದು ಕೊಡಿಸುವ ಲೆಕ್ಕದಲ್ಲಿದ್ದರು. ಅಷ್ಟರಲ್ಲಿ ಈ ಫಾರ್ವರ್ಡ್ ಬಂತು. “ಅಕ್ಕಾ, ಇದನ್ನ ಹಾಕಿಸಿದ್ರೆ ನಿಜವಾಗ್ಲೂ ಸರಿ ಹೋಗುತ್ತಾ?” ಅಂತ ಅವಳು ಫೋನ್ ಮಾಡಿದಳು.

ಈ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ. ಹಾಗಾಗಿಯೇ ಇದರ ಬಗ್ಗೆ ಬರೆಯಬೇಕೆನಿಸಿತು. ಕಾರ್ಡ್ ಬದಲಿಸಿ ನಿಜವಾಗಿ ಲಾಭ ಪಡೆಯುವ ಲ್ಯಾಪ್‌ಟಾಪ್‌ಗಳಿವೆ. ಹಣ ಹಾಕಿದರೂ ಏನೂ ಬದಲಾಗದವು ಇವೆ. ಕಾರ್ಡ್ ಹಾಕಿದ ಮೇಲೆ ಆನ್ ಆಗಲೇ ಒಪ್ಪದವೂ ಇವೆ. ನಿಮ್ಮದು ಯಾವ ಗುಂಪಿಗೆ ಸೇರಿದ್ದು ಎಂಬುದನ್ನು ಮಾತ್ರ ವಿಡಿಯೋ ಹೇಳುವುದಿಲ್ಲ.

ಮೊದಲು ಆ ‘5ಜಿ’ಯ ಗೊಂದಲ

ನಿಮ್ಮ ಮನೆಯ ರೂಟರ್ ಎರಡು ಹೆಸರುಗಳನ್ನು ತೋರಿಸುತ್ತಿರಬಹುದು. ಒಂದರ ಕೊನೆಯಲ್ಲಿ ‘5ಜಿ’ ಎಂದಿರುತ್ತದೆ. ಇದಕ್ಕೂ ಮೊಬೈಲ್ ಕಂಪನಿಗಳ 5ಜಿಗೂ ಸಂಬಂಧವಿಲ್ಲ. ಮೊಬೈಲ್‌ನ 5ಜಿ ಎಂದರೆ ಐದನೇ ತಲೆಮಾರು. ರೂಟರ್‌ನ 5ಜಿ ಎಂದರೆ 5 ಗಿಗಾಹರ್ಟ್ಸ್, ಅಂದರೆ ರೇಡಿಯೋ ತರಂಗದ ಒಂದು ಪಟ್ಟಿ. ಲ್ಯಾಪ್‌ಟಾಪ್‌ನ ವೈಫೈ ಕಾರ್ಡ್ ಬದಲಿಸಿದರೆ ಸಿಗುವುದು ಈ ಎರಡನೆಯದು ಮಾತ್ರ. ಸಿಮ್ ಹಾಕಿ ಬಳಸುವ ಕಾರ್ಡ್ ಬೇರೆಯೇ ವಸ್ತು.

ವೈಫೈ ಬಹುಕಾಲ ಓಡಿದ್ದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ. ಅದು ನಮ್ಮೂರ ಸಂತೆ ಬೀದಿ ಇದ್ದ ಹಾಗೆ, ಕಿರಿದು, ಜನವೋ ಜನ. ಒಂದಕ್ಕೊಂದು ಅಡ್ಡ ಬಾರದಂತೆ ಬಳಸಬಹುದಾದ ಚಾನೆಲ್‌ಗಳು ಅಲ್ಲಿ ಮೂರೇ: 1, 6 ಮತ್ತು 11. ನಿಮ್ಮದು, ಪಕ್ಕದ ಮನೆಯದು, ಮೇಲಿನ ಮಹಡಿಯದು ಎಲ್ಲವೂ ಅದರಲ್ಲೇ ನುಗ್ಗಾಡಬೇಕು. ಬ್ಲೂಟೂತ್ ಓಡಾಡುವುದೂ ಅಲ್ಲೇ, ಮೈಕ್ರೋವೇವ್ ಓವನ್ ಗದ್ದಲ ಎಬ್ಬಿಸುವುದೂ ಅಲ್ಲೇ. 5 ಗಿಗಾಹರ್ಟ್ಸ್ ಇದಕ್ಕಿಂತ ಎಷ್ಟೋ ಅಗಲವಾದ ರಸ್ತೆ. ಭಾರತದಲ್ಲಿ ಈ ಪಟ್ಟಿಯ ದೊಡ್ಡ ಭಾಗವನ್ನು ಪರವಾನಗಿ ಇಲ್ಲದೆ ಬಳಸಲು ಮುಕ್ತಗೊಳಿಸಿದ್ದು 2018ರ ಅಕ್ಟೋಬರ್‌ನಲ್ಲಿ.

ಹತ್ತು ಹನ್ನೆರಡು ವರ್ಷ ಹಿಂದಿನ ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಅನೇಕವಕ್ಕೆ ಆ ಅಗಲ ರಸ್ತೆಗೆ ಹೋಗುವ ದಾರಿಯೇ ಇಲ್ಲ. ಅವುಗಳ ಕಾರ್ಡ್‌ಗೆ ಗೊತ್ತಿರುವುದು 2.4 ಮಾತ್ರ. ಫಾರ್ವರ್ಡ್‌ನಲ್ಲಿ ನಿಜ ಇರುವುದು ಇಲ್ಲಿ. ಇಂಥ ಲ್ಯಾಪ್‌ಟಾಪ್‌ಗೆ ಎರಡೂ ಪಟ್ಟಿ ಹಿಡಿಯುವ ಕಾರ್ಡ್ ಹಾಕಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಕಾರ್ಡ್ ತರಿಸುವ ಮೊದಲು ಹತ್ತು ನಿಮಿಷದ ಪರೀಕ್ಷೆ

ತಂಗಿಗೆ ನಾನು ಮೊದಲು ಮಾಡಿಸಿದ್ದು ಇದನ್ನೇ. ರೂಟರ್‌ನಿಂದ ಐದಾರು ಅಡಿ ದೂರದಲ್ಲಿ ಕೂತು ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡು. ಮೊಬೈಲ್ ಡೇಟಾ ಆಫ್ ಇರಲಿ. ಆಮೇಲೆ ಅದೇ ಜಾಗದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾಡು. ಅವರ ಮನೆಯಲ್ಲಿ ಊರಿನ ಕೇಬಲ್‌ನವರು ಕೊಟ್ಟ ಫೈಬರ್ ಇದೆ, 100 ಎಂಬಿಪಿಎಸ್ ಪ್ಲಾನ್. ಫೋನಿನಲ್ಲಿ 94 ಬಂತು. ಲ್ಯಾಪ್‌ಟಾಪಿನಲ್ಲಿ 28.

ಎರಡರಲ್ಲೂ 28 ಬಂದಿದ್ದರೆ ತಪ್ಪು ಕಾರ್ಡ್‌ನದಾಗಿರುತ್ತಿರಲಿಲ್ಲ. ರೂಟರ್ ಹಳೆಯದಿರಬೇಕು, ಇಲ್ಲವೇ ಕೇಬಲ್‌ನವರ ಲೈನ್ ಕೈಕೊಡುತ್ತಿರಬೇಕು. ಎಷ್ಟೋ ಮಂದಿ ಈ ಒಂದು ಹೋಲಿಕೆ ಮಾಡದೆ ಹಣ ಕಳೆದುಕೊಳ್ಳುತ್ತಾರೆ. ಮನೆಗೆ ಬರುತ್ತಿರುವುದೇ 30 ಎಂಬಿಪಿಎಸ್ ಪ್ಲಾನ್ ಆದರೆ, ಜಗತ್ತಿನ ಅತಿ ದುಬಾರಿ ಕಾರ್ಡ್ ಹಾಕಿದರೂ 31 ಬರುವುದಿಲ್ಲ. ತೊಟ್ಟಿಗೆ ಬೀಳುವ ನೀರೇ ಅಷ್ಟು, ನಲ್ಲಿ ದೊಡ್ಡದು ಮಾಡಿ ಏನು ಪ್ರಯೋಜನ?

ನಂತರ ರೂಟರ್‌ನಿಂದ ಒಂದು ಲ್ಯಾನ್ ಕೇಬಲ್ ತಂದು ಲ್ಯಾಪ್‌ಟಾಪ್‌ಗೆ ನೇರ ಸಿಕ್ಕಿಸಿ ನೋಡಲು ಹೇಳಿದೆ. 93 ಬಂತು. ಅಲ್ಲಿಗೆ ಅನುಮಾನ ವೈಫೈ ಕಾರ್ಡ್ ಮೇಲೆ ಗಟ್ಟಿಯಾಯಿತು. ಕೇಬಲ್ ಹಾಕಿದರೂ ಬ್ರೌಸರ್ ತೆರೆಯಲು ಅರ್ಧ ನಿಮಿಷ ತೆಗೆದುಕೊಳ್ಳುತ್ತಿದ್ದರೆ ರೋಗ ಬೇರೆ. ಅದು ಹಾರ್ಡ್ ಡಿಸ್ಕ್ ಅಥವಾ ರ‍್ಯಾಮ್‌ನ ಸಮಸ್ಯೆ. ಹಳೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಇಡೀ ಲ್ಯಾಪ್‌ಟಾಪ್ ಚುರುಕಾಗುತ್ತದೆ. ವೈಫೈ ಕಾರ್ಡ್‌ನಿಂದ ಆ ಕೆಲಸ ಆಗದು. ಫಾರ್ವರ್ಡ್‌ನ ವಿಡಿಯೋದಲ್ಲಿ ಇವೆರಡನ್ನೂ ಒಂದೇ ಎಂಬಂತೆ ತೋರಿಸಿದ್ದರು.

ಇನ್ನೊಂದು ಅಂಕಿ ನೋಡಬೇಕು. ವಿಂಡೋಸ್‌ನಲ್ಲಿ ಕೆಳಗಿನ ವೈಫೈ ಗುರುತು ಒತ್ತಿ, ನಿಮ್ಮ ನೆಟ್‌ವರ್ಕ್‌ನ ಪ್ರಾಪರ್ಟೀಸ್ ತೆರೆದರೆ ‘ಲಿಂಕ್ ಸ್ಪೀಡ್’ ಎಂಬ ಸಾಲು ಸಿಗುತ್ತದೆ. ಕಾರ್ಡ್ ಮತ್ತು ರೂಟರ್ ಪರಸ್ಪರ ಒಪ್ಪಿಕೊಂಡ ವೇಗ ಅದು. ಅಲ್ಲಿ 65 ಅಥವಾ 72 ಎಂದಿದ್ದರೆ, ಒಂದೇ ಆಂಟೆನಾದಲ್ಲಿ 2.4 ಗಿಗಾಹರ್ಟ್ಸ್‌ನ ಕಿರಿದಾದ ಚಾನೆಲ್ ಮೇಲೆ ಕೆಲಸ ನಡೆಯುತ್ತಿದೆ ಎಂದರ್ಥ. ಕೈಗೆ ಸಿಗುವುದು ಅದರ ಅರ್ಧದ ಆಸುಪಾಸು, ಅಕ್ಕಪಕ್ಕದವರ ಗದ್ದಲವಿದ್ದರೆ ಇನ್ನೂ ಕಡಿಮೆ. ತಂಗಿಯ ಲ್ಯಾಪ್‌ಟಾಪ್ ತೋರಿಸಿದ್ದು 72. ಹಾಗಾಗಿ 28 ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅಲ್ಲಿ 54 ಎಂದು ಕಂಡರೆ ಒಂದು ನಿಮಿಷ ತಡೆಯಿರಿ. ರೂಟರ್‌ನ ಸೆಕ್ಯೂರಿಟಿ ಸೆಟ್ಟಿಂಗ್ ಹಳೆಯ ‘ವೆಪ್’ ಅಥವಾ ‘ಟಿಕೆಐಪಿ’ಯಲ್ಲಿ ಇದ್ದರೆ, ಕಾರ್ಡ್ ಎಷ್ಟೇ ಸಮರ್ಥವಾಗಿದ್ದರೂ 54ಕ್ಕೇ ನಿಲ್ಲುತ್ತದೆ. 2009ರಲ್ಲಿ ಬಂದ 802.11ಎನ್ ಮಾನಕದ ನಿಯಮವೇ ಹಾಗಿದೆ. ಸೆಟ್ಟಿಂಗನ್ನು ಡಬ್ಲ್ಯುಪಿಎ2 ಎಇಎಸ್‌ಗೆ ಬದಲಿಸಿದರೆ ಒಂದು ಪೈಸೆ ಖರ್ಚಿಲ್ಲದೆ ವೇಗ ಏರುತ್ತದೆ. ಸುರಕ್ಷತೆಯೂ ಹೆಚ್ಚುತ್ತದೆ. ಇದನ್ನು ಹೇಳುವ ಫಾರ್ವರ್ಡ್ ಮಾತ್ರ ನನಗೆ ಇಂದಿನವರೆಗೆ ಬಂದಿಲ್ಲ. ಮಾರಲು ಏನೂ ಇಲ್ಲವಲ್ಲ!

ಡಬ್ಬಿಯ ಮೇಲಿನ ದೊಡ್ಡ ಅಂಕಿಗಳು

ಆನ್‌ಲೈನ್‌ನಲ್ಲಿ ಹುಡುಕಿದರೆ ‘ಎಸಿ600’, ‘ಎಸಿ1200’ ಎಂಬ ಹೆಸರುಗಳು ಸಿಗುತ್ತವೆ. 1200 ಎಂದರೆ 1200 ಎಂಬಿಪಿಎಸ್ ಬರುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಅದು ಕೂಡಿಸಿದ ಲೆಕ್ಕ. 2.4 ಪಟ್ಟಿಯಲ್ಲಿ 300, 5ರ ಪಟ್ಟಿಯಲ್ಲಿ 867, ಎರಡೂ ಸೇರಿಸಿ, ಸ್ವಲ್ಪ ಮೇಲಕ್ಕೆ ಎತ್ತಿ 1200. ಎಸಿ600ರಲ್ಲಿ 150 ಮತ್ತು 433. ಆದರೆ ಇಂಥ ಕಾರ್ಡ್ ಒಂದು ಸಮಯಕ್ಕೆ ಒಂದೇ ಪಟ್ಟಿಯಲ್ಲಿ ಇರುತ್ತದೆ. ಸಾಗರಕ್ಕೆ ಹೋಗುವ ಎರಡು ಬಸ್‌ಗಳ ವೇಗ ಕೂಡಿಸಿ ಗಂಟೆಗೆ 120 ಕಿಲೋಮೀಟರ್ ಅಂದ ಹಾಗೆ.

ವೈಫೈ 4, 5, 6 ಎಂಬ ಹೆಸರುಗಳು ಇದಕ್ಕಿಂತ ಪ್ರಾಮಾಣಿಕ. 2018ರಲ್ಲಿ ವೈಫೈ ಅಲಯನ್ಸ್ ಈ ಸುಲಭದ ಹೆಸರುಗಳನ್ನು ಇಟ್ಟಿತು. 802.11ಎನ್ ಎಂದರೆ ವೈಫೈ 4, ಎಸಿ ಎಂದರೆ 5, ಎಎಕ್ಸ್ ಎಂದರೆ 6. ಮನೆಯ ರೂಟರ್ ವೈಫೈ 5 ಆಗಿದ್ದರೆ ಲ್ಯಾಪ್‌ಟಾಪ್‌ಗೆ ವೈಫೈ 6 ಕಾರ್ಡ್ ಹಾಕಿದರೂ ಮಾತುಕತೆ ನಡೆಯುವುದು ವೈಫೈ 5ರ ಭಾಷೆಯಲ್ಲೇ. ನೂರು ನೂರೈವತ್ತು ಎಂಬಿಪಿಎಸ್ ಪ್ಲಾನ್ ಇರುವ ಮನೆಗೆ ವೈಫೈ 5 ಧಾರಾಳ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಗೋಡೆಯ ವಿಷಯ ಮರೆಯಬಾರದು. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ದಪ್ಪ ಜಂಬಿಟ್ಟಿಗೆ ಗೋಡೆಯ ಹಳೆ ಮನೆಯಲ್ಲಿ ರೂಟರ್ ಜಗಲಿಯಲ್ಲಿ, ಓದುವವರು ಅಟ್ಟದ ಮೇಲೆ ಎಂದಾದರೆ, ಹೊಸ ಕಾರ್ಡ್ ಹಾಕಿದರೂ ಲ್ಯಾಪ್‌ಟಾಪ್ ಮತ್ತೆ 2.4ಕ್ಕೇ ಇಳಿಯುತ್ತದೆ. ಆಗ ರೂಟರ್‌ನ ಜಾಗ ಬದಲಿಸುವುದೇ ಮದ್ದು.

ಒಂದೇ ಕಾರ್ಡ್, ಎರಡು ಲ್ಯಾಪ್‌ಟಾಪ್

ತಂಗಿಯ ಲ್ಯಾಪ್‌ಟಾಪ್‌ನ ಹಿಂಬದಿ ಮುಚ್ಚಳ ತೆಗೆದು ಫೋಟೋ ಕಳಿಸಲು ಹೇಳಿದೆ. ಹಳೆ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಕಾರ್ಡ್ ಸಾಮಾನ್ಯವಾಗಿ ಎರಡು ಆಕಾರದಲ್ಲಿ ಇರುತ್ತದೆ. ಸುಮಾರು 2014ರವರೆಗಿನವುಗಳಲ್ಲಿ ಹೆಚ್ಚಾಗಿ ‘ಹಾಫ್ ಮಿನಿ ಪಿಸಿಐಇ’, ನಂತರದವುಗಳಲ್ಲಿ ಅದಕ್ಕಿಂತ ಸಣ್ಣದಾದ ‘ಎಂ.2’. ಎರಡೂ ಬೆಂಕಿಪೊಟ್ಟಣಕ್ಕಿಂತ ಚಿಕ್ಕವು, ಆದರೆ ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಅವಳದು ಮೊದಲನೆಯದು. ಆ ಆಕಾರದಲ್ಲಿ ಸಿಗುವ ಒಳ್ಳೆಯ ಹಳೆ ಕಾರ್ಡ್ ಇಂಟೆಲ್ 7260, ಎರಡೂ ಪಟ್ಟಿ ಹಿಡಿಯುತ್ತದೆ, ವೈಫೈ 5. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುತ್ತಾಡಿ, ಬಿಚ್ಚಿದ ಲ್ಯಾಪ್‌ಟಾಪ್‌ನಿಂದ ತೆಗೆದ ಒಂದನ್ನು ಕೊಂಡು, ಹಬ್ಬಕ್ಕೆ ಊರಿಗೆ ಹೋದಾಗ ಜೊತೆಗೆ ಒಯ್ದೆ.

ಬ್ಯಾಟರಿ ತೆಗೆದು, ಹಳೆ ಕಾರ್ಡ್ ಬಿಚ್ಚಿ, ಹೊಸದು ಕೂರಿಸಿ, ಆನ್ ಮಾಡಿದೆವು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು: ಈ ವೈಫೈ ಕಾರ್ಡ್‌ಗೆ ಅನುಮತಿ ಇಲ್ಲ, ತೆಗೆದು ಮತ್ತೆ ಆನ್ ಮಾಡಿ. ವಿಂಡೋಸ್ ತನಕ ಹೋಗಲೇ ಇಲ್ಲ. ಚಿಕ್ಕಪ್ಪ “ಹಾಳಾಯ್ತೇನೇ?” ಎಂದು ಕೇಳಿದಾಗ ನನ್ನ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು. ಹಳೆ ಕಾರ್ಡ್ ವಾಪಸ್ ಹಾಕಿದ ಮೇಲೆ ಲ್ಯಾಪ್‌ಟಾಪ್ ಮೊದಲಿನಂತೆ ಶುರುವಾಯಿತು, ಪುಣ್ಯ.

ಇದರ ಹೆಸರು ‘ವೈಟ್‌ಲಿಸ್ಟ್’. ಲ್ಯಾಪ್‌ಟಾಪ್ ಆನ್ ಆಗುವಾಗ ಮೊದಲು ಏಳುವ ಬಯೋಸ್ ಎಂಬ ತಂತ್ರಾಂಶದೊಳಗೆ ಕೆಲವು ಕಂಪನಿಗಳು ಒಪ್ಪಿತ ಕಾರ್ಡ್‌ಗಳ ಪಟ್ಟಿ ಬರೆದಿಟ್ಟಿದ್ದವು. ಪಟ್ಟಿಯಲ್ಲಿ ಇಲ್ಲದ ಕಾರ್ಡ್ ಕಂಡರೆ ಯಂತ್ರ ಅಲ್ಲೇ ನಿಲ್ಲುತ್ತದೆ. ಹಳೆ ಥಿಂಕ್‌ಪ್ಯಾಡ್ ಬಳಸಿದವರಿಗೆ 1802 ಸಂಖ್ಯೆಯ ಎರರ್ ಇದೇ ಕಾರಣಕ್ಕೆ ಪರಿಚಿತ. (ನಮ್ಮದು ಬೇರೆ ಕಂಪನಿಯದು, ಹೆಸರು ಇಲ್ಲಿ ಬೇಡ.) ರೇಡಿಯೋ ಉಪಕರಣಗಳಿಗೆ ಸರ್ಕಾರಿ ಪ್ರಮಾಣಪತ್ರ ಪಡೆಯುವಾಗ ಕಾರ್ಡ್ ಮತ್ತು ಆಂಟೆನಾವನ್ನು ಒಟ್ಟಾಗಿ ಪರೀಕ್ಷಿಸಿರುತ್ತೇವೆ, ಹಾಗಾಗಿ ಬೇರೆ ಕಾರ್ಡ್ ಬಿಡುವುದಿಲ್ಲ ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಅದೇ ನಿಯಮದಡಿ ಲ್ಯಾಪ್‌ಟಾಪ್ ಮಾರುವ ಬೇರೆ ಎಷ್ಟೋ ಕಂಪನಿಗಳು ಇಂಥ ಬೀಗ ಹಾಕಲಿಲ್ಲ. ಹಾಗಾಗಿ ಆ ಸಮರ್ಥನೆ ನನಗೆ ಅಷ್ಟಾಗಿ ರುಚಿಸುವುದಿಲ್ಲ.

ಈ ಬೀಗ ಮುರಿಯಲು ‘ತಿದ್ದಿದ ಬಯೋಸ್’ ಡೌನ್‌ಲೋಡ್ ಮಾಡಿ ಎನ್ನುವ ವಿಡಿಯೋಗಳಿವೆ. ದಯವಿಟ್ಟು ಆ ಗೋಜಿಗೆ ಹೋಗಬೇಡಿ. ಬಯೋಸ್ ಬರೆಯುವಾಗ ಕರೆಂಟ್ ಹೋದರೆ ಅಥವಾ ಫೈಲ್ ತಪ್ಪಿದ್ದರೆ ಲ್ಯಾಪ್‌ಟಾಪ್ ಮತ್ತೆ ಏಳದೇ ಇರಬಹುದು. ಅದಕ್ಕಿಂತ ಹೆಚ್ಚಾಗಿ, ಯಾರು ತಿದ್ದಿದರು ಎಂದೇ ಗೊತ್ತಿಲ್ಲದ ತಂತ್ರಾಂಶವನ್ನು ಯಂತ್ರದ ಬುಡದಲ್ಲೇ ಕೂರಿಸಿದಂತಾಗುತ್ತದೆ. ಅದೇ ಲ್ಯಾಪ್‌ಟಾಪ್‌ನಲ್ಲಿ ನೀವು ಬ್ಯಾಂಕ್ ಖಾತೆ ತೆರೆಯುತ್ತೀರಿ. ‘ವೈಫೈ ಡ್ರೈವರ್ ಬೂಸ್ಟರ್’ ಎಂಬ ಲಿಂಕ್‌ಗಳಿಗೂ ಇದೇ ಮಾತು. ಡ್ರೈವರ್ ಬೇಕಾದರೆ ಲ್ಯಾಪ್‌ಟಾಪ್ ಕಂಪನಿಯ ಅಥವಾ ಕಾರ್ಡ್ ಕಂಪನಿಯ ಜಾಲತಾಣಕ್ಕೇ ಹೋಗಿ. ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಕೂಡ ಎಷ್ಟೋ ಬಾರಿ ಅಲ್ಲೇ ಸಿಗುತ್ತದೆ. ಅದರಲ್ಲಿ ಒಪ್ಪಿತ ಕಾರ್ಡ್‌ಗಳ ಪಾರ್ಟ್ ನಂಬರ್ ಇರುತ್ತದೆ. ನಾನು ಎಸ್.ಪಿ. ರಸ್ತೆಗೆ ಹೋಗುವ ಮೊದಲೇ ಇದನ್ನು ತೆರೆದು ನೋಡಬೇಕಿತ್ತು.

ಅಂಗಡಿಯವರು ಕಾರ್ಡ್ ವಾಪಸ್ ತೆಗೆದುಕೊಳ್ಳಲಿಲ್ಲ. ಅದನ್ನು ನನ್ನ ಸ್ವಂತ ಲ್ಯಾಪ್‌ಟಾಪ್‌ಗೇ ಹಾಕಿದೆ. ಹೆಚ್ಚುಕಡಿಮೆ ಅದೇ ಕಾಲದ್ದು, ಬೇರೆ ಕಂಪನಿಯದು. ಮೊದಲ ಸಲಕ್ಕೇ ಕೆಲಸ ಮಾಡಿತು. ಬೆಂಗಳೂರಿನ ನಮ್ಮ ಕಟ್ಟಡದಲ್ಲಿ ವೈಫೈ ಪಟ್ಟಿ ತೆರೆದರೆ ಮೂವತ್ತು ಹೆಸರು ಕಾಣುತ್ತವೆ. 2.4ರಲ್ಲಿ ಇಪ್ಪತ್ತು ದಾಟದಿದ್ದ ವೇಗ ಈಗ 140ರ ಹತ್ತಿರ ಬರುತ್ತದೆ. ವಿಡಿಯೋದವರು ಇಂಥ ಲ್ಯಾಪ್‌ಟಾಪ್‌ನಲ್ಲಿ ಮಾಡಿ ತೋರಿಸಿದ್ದಾರೆ, ಅವರು ತೋರಿಸಿದ್ದು ಸುಳ್ಳಲ್ಲ. “ಯಾವ ಲ್ಯಾಪ್‌ಟಾಪ್‌ಗೂ ಆಗುತ್ತದೆ” ಎಂಬ ಸಾಲು ಮಾತ್ರ ಸುಳ್ಳು.

ಕೈ ಹಾಕುವವರಿಗೆ ಗೊತ್ತಿರಬೇಕಾದ್ದು

ಕಾರ್ಡ್‌ನ ಮೂಲೆಯಲ್ಲಿ ಒಂದೋ ಎರಡೋ ತೆಳ್ಳಗಿನ ವೈರ್ ಸಿಕ್ಕಿಸಿರುತ್ತದೆ, ಸಾಮಾನ್ಯವಾಗಿ ಕಪ್ಪು ಮತ್ತು ಬಿಳಿ. ಪರದೆಯ ಸುತ್ತ ಅಡಗಿರುವ ಆಂಟೆನಾಕ್ಕೆ ಹೋಗುವ ವೈರ್ ಅವು. ತುದಿಯ ಚಿನ್ನದ ಬಣ್ಣದ ಗುಂಡಿಗಳು ಸಾಸಿವೆ ಕಾಳಿನಷ್ಟು. ನೇರ ಮೇಲಕ್ಕೆ ಎತ್ತಬೇಕು, ಓರೆಯಾಗಿ ಎಳೆದರೆ ಕಿತ್ತು ಬರುತ್ತವೆ. ಪದೇಪದೇ ತೆಗೆದು ಹಾಕಲು ಮಾಡಿದವಲ್ಲ. ಎಂ.2 ಕಾರ್ಡ್‌ನ ಗುಂಡಿ ಇನ್ನೂ ಚಿಕ್ಕದು, ಎರಡೂ ಬಗೆ ಒಂದಕ್ಕೊಂದು ಹೊಂದುವುದಿಲ್ಲ. ಒಂದೇ ವೈರ್ ಇರುವ ಲ್ಯಾಪ್‌ಟಾಪ್‌ಗೆ ಎರಡು ಆಂಟೆನಾದ ಕಾರ್ಡ್ ಹಾಕಿದರೆ ಓಡುತ್ತದೆ, ಆದರೆ ಅರ್ಧ ಬಲದಲ್ಲಿ.

ಎಂ.2 ಜಾಗ ಇರುವವರಿಗೆ ಇನ್ನೊಂದು ಬಲೆ ಇದೆ. ಇಂಟೆಲ್‌ನ ಎಎಕ್ಸ್200 ಮತ್ತು ಎಎಕ್ಸ್201 ಮೇಲ್ನೋಟಕ್ಕೆ ಅವಳಿಗಳು. 200 ಸ್ವತಂತ್ರ ಕಾರ್ಡ್, ಹಳೆ ಲ್ಯಾಪ್‌ಟಾಪ್‌ಗೂ ಆಗಬಹುದು. 201 ಅರ್ಧ ಕೆಲಸವನ್ನು ಪ್ರೊಸೆಸರ್ ಕಡೆಗೇ ಬಿಡುವ ಬಗೆಯದು, ಅದಕ್ಕೆ ಹೊಂದುವ ಇಂಟೆಲ್ ಯಂತ್ರದಲ್ಲಿ ಮಾತ್ರ ಏಳುತ್ತದೆ. ಎಎಂಡಿ ಲ್ಯಾಪ್‌ಟಾಪ್‌ನಲ್ಲಿ ಏಳುವುದೇ ಇಲ್ಲ. 210 ಮತ್ತು 211ರ ಕಥೆಯೂ ಇದೇ. ಒಂದು ಅಂಕಿ ತಪ್ಪಿದರೆ ಹಣ ಹೋಯಿತು. ಇವಕ್ಕೆ ವಿಂಡೋಸ್ 7ರಲ್ಲಿ ಅಧಿಕೃತ ಡ್ರೈವರ್ ಕೂಡ ಇಲ್ಲ.

ತೆಳ್ಳಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಚಿಪ್ಪನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಅಲ್ಲಿ ಬದಲಿಸುವ ಮಾತೇ ಇಲ್ಲ.

ತಂಗಿಗೆ ಕೊನೆಗೆ ಸಿಕ್ಕಿದ ಪರಿಹಾರ

ಪೆನ್‌ಡ್ರೈವ್‌ನಂತೆ ಹೊರಗಿನಿಂದ ಸಿಕ್ಕಿಸುವ ಯುಎಸ್‌ಬಿ ವೈಫೈ ಅಡಾಪ್ಟರ್, ಎರಡೂ ಪಟ್ಟಿ ಹಿಡಿಯುವಂಥದ್ದು. ಲ್ಯಾಪ್‌ಟಾಪ್ ಬಿಚ್ಚುವ ಕೆಲಸವಿಲ್ಲ, ವೈಟ್‌ಲಿಸ್ಟ್ ಕಾಟವೂ ಇಲ್ಲ, ಏಕೆಂದರೆ ಬಯೋಸ್ ತಡೆಯುವುದು ಒಳಗಿನ ಕಾರ್ಡನ್ನು. ಲಿಂಕ್ ಸ್ಪೀಡ್ 433 ತೋರಿಸಿತು, ಟೆಸ್ಟ್‌ನಲ್ಲಿ 85ರ ಆಸುಪಾಸು ಬಂತು. 100ರ ಪ್ಲಾನ್‌ಗೆ ಇನ್ನೇನು ಬೇಕು? ಕೊಳ್ಳುವಾಗ ಡಬ್ಬಿಯ ಮೇಲೆ 5 ಗಿಗಾಹರ್ಟ್ಸ್ ಎಂದು ಬರೆದಿದೆಯೇ ನೋಡಿ. ಉದ್ದ ಆಂಟೆನಾ ನೆಟ್ಟಗೆ ನಿಲ್ಲಿಸಿ, ದೊಡ್ಡ ಅಂಕಿ ಬರೆದು, ಒಳಗೆ ಬರೀ 2.4 ಇರುವ ಅಡಾಪ್ಟರ್‌ಗಳು ಸಾಕಷ್ಟಿವೆ. ಅದನ್ನು ಕೊಂಡರೆ ಹಳೆ ಸಂತೆ ಬೀದಿಯಲ್ಲೇ ಇರುತ್ತೀರಿ.

ಇದರಿಂದ ಮನೆಯ ಉಳಿದವರಿಗೂ ಒಂದು ಅನುಕೂಲ ಆಯಿತು. ಒಂದೇ ಪಟ್ಟಿಯಲ್ಲಿರುವ ಎಲ್ಲರೂ ಸರದಿಯಂತೆ ಮಾತಾಡಬೇಕು. ನಿಧಾನದ ಸಾಧನ ಅದೇ ವಿಷಯ ಹೇಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಉಳಿದವರು ಕಾಯಬೇಕು. ಹಳೆ ಲ್ಯಾಪ್‌ಟಾಪ್ 2.4 ಬಿಟ್ಟು ಹೋದದ್ದೇ ಚಿಕ್ಕಮ್ಮನ ಹಳೆ ಫೋನಿನ ಯೂಟ್ಯೂಬ್ ಕೂಡ ನಿಂತು ನಿಂತು ಓಡುವುದು ಕಡಿಮೆಯಾಯಿತು.

ಆದರೆ ಈ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಸಮಸ್ಯೆ ಉಳಿದಿತ್ತು. ಅದರಲ್ಲಿದ್ದದ್ದು ವಿಂಡೋಸ್ 10. ಮೈಕ್ರೋಸಾಫ್ಟ್ ಅದರ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ, 2013ರ ಯಂತ್ರಕ್ಕೆ ವಿಂಡೋಸ್ 11 ಅಧಿಕೃತವಾಗಿ ಆಗುವುದಿಲ್ಲ. ವೇಗದ ಕಾರ್ಡ್ ಹಾಕಿ ಸುರಕ್ಷತೆಯ ಅಪ್‌ಡೇಟ್ ಇಲ್ಲದೆ ಓಡಿಸುವುದು ಸರಿ ಕಾಣಲಿಲ್ಲ. ಲಿನಕ್ಸ್ ಹಾಕಿಕೊಟ್ಟೆ. ಎರಡು ದಿನ ಗೊಣಗಿದಳು, ಈಗ ಅಭ್ಯಾಸವಾಗಿದೆ. ಲಿನಕ್ಸ್ ಯೋಚನೆ ಇರುವವರು ಕಾರ್ಡ್ ಅಥವಾ ಅಡಾಪ್ಟರ್ ಕೊಳ್ಳುವ ಮೊದಲು ಅದರ ಚಿಪ್‌ಗೆ ಲಿನಕ್ಸ್ ಬೆಂಬಲ ಇದೆಯೇ ಎಂದು ಕೇಳಿಕೊಳ್ಳಿ. ಇಂಟೆಲ್ ಕಾರ್ಡ್‌ಗಳು ಸಾಮಾನ್ಯವಾಗಿ ತಾವಾಗಿಯೇ ಕೆಲಸ ಮಾಡುತ್ತವೆ, ಕೆಲವು ಯುಎಸ್‌ಬಿ ಅಡಾಪ್ಟರ್‌ಗಳು ಸತಾಯಿಸುತ್ತವೆ.

ಸೊಸೈಟಿ ಸಾಲದ ಅರ್ಜಿ ಚಿಕ್ಕಪ್ಪನ ಡೈರಿಯಲ್ಲೇ ಉಳಿದಿದೆ. ಗುಂಪಿನಲ್ಲಿ ಆ ಫಾರ್ವರ್ಡ್‌ನ ಕೆಳಗೆ ಅವರೇ ಬರೆದರು: “ಇದು ಎಲ್ಲಾ ಲ್ಯಾಪ್‌ಟಾಪ್‌ಗೆ ಆಗಲ್ಲ. ಮೊದಲು ಫೋನ್ ಮತ್ತು ಲ್ಯಾಪ್‌ಟಾಪ್ ಎರಡರಲ್ಲೂ ಸ್ಪೀಡ್ ನೋಡಿ, ಮಾಡೆಲ್ ನಂಬರ್ ಹೇಳಿ.” ಅದಾದ ಅರ್ಧ ಗಂಟೆಯಲ್ಲಿ ಶಿರಸಿಯ ಅತ್ತೆ ಮಾಡೆಲ್ ನಂಬರ್ ಕಳಿಸಿದರು. ಹುಡುಕಿ ನೋಡಿದೆ, ಚಿಪ್ ಮದರ್‌ಬೋರ್ಡ್‌ಗೇ ಬೆಸುಗೆ ಆಗಿದೆ. ಅವರಿಗೂ ಯುಎಸ್‌ಬಿಯೇ ಗತಿ. ಅದಕ್ಕೂ ಮೊದಲು ಸ್ಪೀಡ್ ಟೆಸ್ಟ್ ಮಾಡಿ ಎಂದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.